ಅಡುಗೆಮನೆಯಲ್ಲಿ ಪಿಟೀಲು, ಬ್ಯಾಂಜೊ: ಅಪಲಾಚಿಯಾದ ಸಂಗೀತಗಾರರನ್ನು ರೆಕಾರ್ಡ್ ಮಾಡುವುದು ಹೇಗೆ?

ಮೊದಲ ಸಲ ರೆಕಾರ್ಡರ್ ಹಿಡಿದು ಹೋದಾಗ ಮಾಡಿದ ಎಡವಟ್ಟಿನಿಂದಲೇ ಶುರು ಮಾಡುತ್ತೇನೆ.

ನಾರ್ತ್ ಕ್ಯಾರೊಲಿನಾದ ಸರ್ರಿ ಕೌಂಟಿ. ಮೌಂಟ್ ಏರಿ ಊರಿನ ಹೊರಗೊಂದು ಹಳೇ ಮನೆ. ನಾನಿರುವ ರಾಲಿಯಿಂದ ಕಾರಲ್ಲಿ ಎರಡು ಗಂಟೆಗೂ ಮೇಲಿನ ದಾರಿ. ಎಂಬತ್ತು ದಾಟಿದ ಅಜ್ಜ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಸಂಜೆವರೆಗೆ ಪಿಟೀಲು ನುಡಿಸಿದರು. ನಾನು ಮೈಕು, ಲೆವೆಲ್ಲು, ಬ್ಯಾಟರಿ ಅಂತ ಅದರಲ್ಲೇ ಮುಳುಗಿದ್ದೆ. 18 ಟ್ಯೂನ್ ಸಿಕ್ಕಿತು. ಖುಷಿಯಿಂದ ವೈರೆಲ್ಲ ಸುತ್ತಿ ಬ್ಯಾಗಿಗೆ ಹಾಕಿ ಕಾರಿನ ಹತ್ತಿರ ಬಂದೆ. ಬಾಗಿಲವರೆಗೆ ಬಂದ ಅಜ್ಜಿ ಆಗ ಮಾತು ತೆಗೆದರು. ಕೊನೆಗೆ ನುಡಿಸಿದ ಟ್ಯೂನ್ ಅಜ್ಜನದ್ದಲ್ಲವಂತೆ, ಅಜ್ಜಿಯ ಅಪ್ಪನದ್ದಂತೆ. ಅಜ್ಜಿ ಚಿಕ್ಕವರಿದ್ದಾಗ ಶನಿವಾರ ರಾತ್ರಿ ಮನೆಯ ಮೇಜು, ಮಂಚ ಎಲ್ಲ ಅಂಗಳಕ್ಕೆ ಸಾಗಿಸಿ ಒಳಗೆ ಕುಣಿಯುತ್ತಿದ್ದರಂತೆ. ಎರಡು ಕೋಣೆಗೂ ಕೇಳಲಿ ಅಂತ ಅಪ್ಪ ನಡುವಿನ ಹೊಸ್ತಿಲಲ್ಲೇ ಕುರ್ಚಿ ಹಾಕಿಕೊಂಡು ನುಡಿಸುತ್ತಿದ್ದರಂತೆ. ಇಪ್ಪತ್ತು ನಿಮಿಷ ಹೇಳಿದರು. ನನ್ನ ರೆಕಾರ್ಡರ್ ಕಾರಿನ ಡಿಕ್ಕಿಯಲ್ಲಿತ್ತು.

ಟ್ಯೂನ್ ಹಿಡಿಯುವುದು ಸುಲಭ. ಅದು ಯಾರ ಮನೆಯಿಂದ ಯಾರ ಮನೆಗೆ ಬಂತು ಅಂತ ಹಿಡಿಯುವುದೇ ಕಷ್ಟದ ಕೆಲಸ. ಮುಂದಿರುವುದೆಲ್ಲ ಆ ಕೆಲಸದ ಬಗ್ಗೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ, ಅದರಲ್ಲೂ ರಾಲಿ, ಶಾರ್ಲಟ್ ಕಡೆಯವರಿಗೆ, ಅಪಲಾಚಿಯಾ, ಅಂದರೆ ಅಮೆರಿಕದ ಪೂರ್ವ ಭಾಗದ ಈ ಬೆಟ್ಟಸಾಲು, ವಾರಾಂತ್ಯದ ದೂರದಲ್ಲಿದೆ.

ಮೊದಲು ಕಿವಿಗೆ ಕೆಲಸ

ಓಲ್ಡ್ ಟೈಮ್, ಬ್ಲೂಗ್ರಾಸ್, ಕಂಟ್ರಿ. ಹೊರಗಿನಿಂದ ಬಂದವರಿಗೆ ಮೂರೂ ಒಂದೇ ಥರ ಕೇಳುತ್ತವೆ. ನುಡಿಸುವವರ ಮುಂದೆ ಹಾಗೆ ಹೇಳಿದಿರೋ, ಮಾತು ಅಲ್ಲಿಗೇ ಮುಗಿಯಿತು.

ಓಲ್ಡ್ ಟೈಮ್ ಅಂದರೆ ರೇಡಿಯೊ, ಗ್ರಾಮೊಫೋನ್ ಬರುವ ಮುಂಚಿನಿಂದ ಬೆಟ್ಟದ ಮನೆಗಳಲ್ಲಿ ಇದ್ದದ್ದು. ಜಾಸ್ತಿ ಕುಣಿತಕ್ಕೆ ನುಡಿಸಿದ್ದು. ಎಲ್ಲರೂ ಸೇರಿ ಒಂದೇ ಟ್ಯೂನನ್ನು ಸುತ್ತು ಹಾಕಿ ಹಾಕಿ ನುಡಿಸುತ್ತಾರೆ. ಬ್ಯಾಂಜೊವನ್ನು ಉಗುರಿನ ಬೆನ್ನಿಂದ ಕೆಳಮುಖವಾಗಿ ಹೊಡೆಯುತ್ತಾರೆ, ಅದಕ್ಕೆ ಕ್ಲಾಹ್ಯಾಮರ್ ಅನ್ನುತ್ತಾರೆ. ಬ್ಲೂಗ್ರಾಸ್ ವೇದಿಕೆಯ ಸಂಗೀತ. ಒಬ್ಬೊಬ್ಬರೂ ಸರದಿಯಲ್ಲಿ ಮುಂದೆ ಬಂದು ತಮ್ಮ ಕೈಚಳಕ ತೋರಿಸುತ್ತಾರೆ, ಅದಕ್ಕೆ ಬ್ರೇಕ್ ಅಂತ ಹೆಸರು. ಕೆಂಟಕಿಯ ಬಿಲ್ ಮನ್ರೊ ಅವರ ತಂಡಕ್ಕೆ 1945ರ ಡಿಸೆಂಬರಿನಲ್ಲಿ ಅರ್ಲ್ ಸ್ಕ್ರಗ್ಸ್ ಸೇರಿಕೊಂಡರು. ಅವರ ಮೂರು ಬೆರಳಿನ ಬ್ಯಾಂಜೊ ಸೇರಿದ ಮೇಲೆ ಅದು ಇವತ್ತು ನಾವು ಕೇಳುವ ರೂಪಕ್ಕೆ ಬಂತು. ಸ್ಕ್ರಗ್ಸ್ ಹುಟ್ಟಿದ್ದು ನಾರ್ತ್ ಕ್ಯಾರೊಲಿನಾದ ಫ್ಲಿಂಟ್ ಹಿಲ್‌ನಲ್ಲಿ. ಮೂರು ಬೆರಳಿನ ಪದ್ಧತಿ ಆ ಸೀಮೆಯಲ್ಲಿ ಅವರಿಗಿಂತ ಮುಂಚೆಯೇ ಇತ್ತು. ಇನ್ನು ಕಂಟ್ರಿ ಅಂದರೆ ರೆಕಾರ್ಡ್ ಮಾರುವ ವ್ಯಾಪಾರದ ಜೊತೆ ಬೆಳೆದದ್ದು. 1923ರಲ್ಲಿ ಅಟ್ಲಾಂಟಾದಲ್ಲಿ ಫಿಡ್ಲಿನ್ ಜಾನ್ ಕಾರ್ಸನ್ ಅವರ ಪಿಟೀಲು ರೆಕಾರ್ಡ್ ಆಗಿ ಚೆನ್ನಾಗಿ ಮಾರಾಟವಾಯಿತು. 1927ರ ಜುಲೈ, ಆಗಸ್ಟಿನಲ್ಲಿ ಟೆನೆಸಿ-ವರ್ಜೀನಿಯಾ ಗಡಿಯ ಬ್ರಿಸ್ಟಲ್‌ನಲ್ಲಿ ರೆಕಾರ್ಡ್ ಕಂಪನಿಯ ರಾಲ್ಫ್ ಪಿಯರ್ ಮೈಕು ಹೂಡಿದಾಗ, ಮುಂದೆ ಕಂಟ್ರಿಯ ಮೊದಲ ತಾರೆಗಳಾದ ಕಾರ್ಟರ್ ಕುಟುಂಬವೂ ಜಿಮ್ಮಿ ರಾಜರ್ಸ್ ಅವರೂ ಬಂದು ಹಾಡಿದರು.

ಇಷ್ಟು ಗೊತ್ತಿದ್ದರೆ ಸಾಕು. ಆದರೆ ಅಜ್ಜನ ಮುಂದೆ ಈ ಹೆಸರುಗಳನ್ನು ಉದುರಿಸಬೇಡಿ. "ನೀವು ನುಡಿಸುವುದಕ್ಕೆ ನಿಮ್ಮ ಮನೆಯಲ್ಲಿ ಏನಂತಿದ್ದರು?" ಅಂತ ಕೇಳಿ. ಎಷ್ಟೋ ಜನ "ಸುಮ್ನೆ ಮ್ಯೂಸಿಕ್ ಅಂತಿದ್ವಿ" ಅನ್ನುತ್ತಾರೆ. ಅದನ್ನೇ ಬರೆದುಕೊಳ್ಳಿ.

ನಮ್ಮವರ ಕಿವಿಗೆ ಇಲ್ಲೊಂದು ಅನುಕೂಲ ಇದೆ. ಹಳೇ ಪಿಟೀಲುಗಾರರು ತಂತಿಗಳನ್ನು ಪಾಶ್ಚಾತ್ಯ ವಯೊಲಿನ್‌ನ ಜಿ, ಡಿ, ಎ, ಇ ಶ್ರುತಿಯಲ್ಲೇ ಇಡುವುದಿಲ್ಲ. ಟ್ಯೂನಿಗೆ ತಕ್ಕಂತೆ ಬದಲಿಸುತ್ತಾರೆ. ಅದರಲ್ಲಿ ತುಂಬ ಸಾಮಾನ್ಯವಾದದ್ದು ಎ, ಇ, ಎ, ಇ. ಒಂದು ಸಲ ಮೀಟಿ ನೋಡಿ. ಸ, ಪ, ಸ, ಪ! ಚೌಡಯ್ಯನವರ ಕಾಲದಿಂದ ನಮ್ಮ ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ಕೇಳುತ್ತಾ ಬಂದಿರುವ ಅದೇ ಜೋಡಣೆ. ನನಗೆ ಇದು ಹೊಳೆದ ದಿನ ಅಜ್ಜನಿಗೂ ಹೇಳಿದೆ. ಅವರು ತಂತಿ ಮೀಟಿ ತಲೆಯಾಡಿಸಿದರು. ಆಮೇಲೆ ನಾನು ಅವರಿಗೆ ಬರೀ ಕಂಪ್ಯೂಟರಿನವನಾಗಿ ಉಳಿಯಲಿಲ್ಲ.

ಯಾರನ್ನು, ಎಲ್ಲಿ ಹುಡುಕುವುದು

ಒಂದೇ ಕೌಂಟಿ ಇಟ್ಟುಕೊಳ್ಳಿ. ಇಡೀ ಅಪಲಾಚಿಯಾ ಅಂತ ಹೊರಟರೆ ಹತ್ತು ಊರಲ್ಲಿ ಹತ್ತು ಪರಿಚಯ ಆಗುತ್ತದೆ, ಒಂದು ಮನೆಯ ಬಾಗಿಲೂ ಪೂರ್ತಿ ತೆರೆಯುವುದಿಲ್ಲ. ನಾನು ಸರ್ರಿ ಕೌಂಟಿ ಹಿಡಿದುಕೊಂಡದ್ದು ಅಲ್ಲಿ ಟಾಮಿ ಜಾರೆಲ್ ಎಂಬ ಹೆಸರಾಂತ ಪಿಟೀಲುಗಾರರು ಇದ್ದರು ಅಂತ. 1901ರಲ್ಲಿ ಹುಟ್ಟಿದವರು. ಜೀವನವೆಲ್ಲ ರಸ್ತೆ ಇಲಾಖೆಯಲ್ಲಿ ಗ್ರೇಡರ್ ಓಡಿಸಿ ರಿಟೈರ್ ಆದರು. ಆಮೇಲೆ ದೇಶದ ಎಲ್ಲ ಕಡೆಯಿಂದ ಹುಡುಗ ಹುಡುಗಿಯರು ಅವರ ಮನೆಗೆ ಕಲಿಯಲು ಬರತೊಡಗಿದರು. 1985ರಲ್ಲಿ ತೀರಿಕೊಂಡರು. ಅವರ ಕೈ ಅಲ್ಲಿನ ಪಿಟೀಲುಗಾರರಲ್ಲಿ ಇವತ್ತಿಗೂ ಕೇಳಿಸುತ್ತದೆ.

ಜನ ಸಿಗುವ ಜಾಗಗಳು ಇವು. ಮೌಂಟ್ ಏರಿಯ ಡಬ್ಲ್ಯೂಪಿಎಕ್ಯೂ ರೇಡಿಯೊ 1948ರಿಂದ ಇದೆ, ಅದರ ಶನಿವಾರದ ಕಾರ್ಯಕ್ರಮದಲ್ಲಿ ಸ್ಥಳೀಯರು ನೇರವಾಗಿ ನುಡಿಸುತ್ತಾರೆ. ವರ್ಜೀನಿಯಾದ ಫ್ಲಾಯ್ಡ್ ಊರಿನ ಕಂಟ್ರಿ ಸ್ಟೋರ್‌ನಲ್ಲಿ ಶುಕ್ರವಾರ ರಾತ್ರಿ ಕುಣಿತ. ಗೇಲ್ಯಾಕ್ಸ್‌ನಲ್ಲಿ 1935ರಿಂದ ನಡೆಯುತ್ತಿರುವ ಪಿಟೀಲುಗಾರರ ಸಮಾವೇಶ ಆಗಸ್ಟ್ ತಿಂಗಳಲ್ಲಿ. ವೆಸ್ಟ್ ವರ್ಜೀನಿಯಾದ ಕ್ಲಿಫ್‌ಟಾಪ್ ಉತ್ಸವ 1990ರಲ್ಲಿ ಶುರುವಾದದ್ದು, ಅಲ್ಲಿ ಡೇರೆಗಳ ನಡುವೆ ಬೆಳಗಿನ ಜಾವದವರೆಗೆ ಜಾಮ್, ಅಂದರೆ ವೃತ್ತದಲ್ಲಿ ಕೂತು ಒಟ್ಟಿಗೆ ನುಡಿಸುವುದು, ನಡೆಯುತ್ತದೆ. ಇಂಥ ಕಡೆ ಮೊದಲ ಎರಡು ಮೂರು ಸಲ ಬರೀ ಕೇಳಿ. ವೃತ್ತದೊಳಗೆ ಕುರ್ಚಿ ತೂರಿಸಬೇಡಿ. ಕೇಳದೆ ಫೋನ್ ಎತ್ತಿ ವಿಡಿಯೊ ಮಾಡಬೇಡಿ. ಯಾರು ನುಡಿಸುವಾಗ ಉಳಿದವರು ಸುಮ್ಮನಾಗಿ ಕೈ ನೋಡುತ್ತಾರೆ ಅಂತ ಗಮನಿಸಿ. ನೀವು ಹುಡುಕುತ್ತಿರುವವರು ಅವರೇ.

ಎಲ್ಲರೂ ತೋರಿಸುವ ಒಬ್ಬರ ಹತ್ತಿರವೇ ನಿಲ್ಲಬೇಡಿ ಕೂಡ. ಈ ಸಂಗೀತದ ದಾಖಲೆಯಲ್ಲಿ ಕರಿಯ ಸಂಗೀತಗಾರರ ಹೆಸರು ತುಂಬ ಕಡೆ ಬಿಟ್ಟುಹೋಗಿದೆ. ಬ್ಯಾಂಜೊ ಬಂದದ್ದೇ ಆಫ್ರಿಕಾದಿಂದ ಹಿಡಿದು ತಂದ ಜನರ ಜೊತೆ. ಕಾರ್ಟರ್ ಕುಟುಂಬದ ಎ.ಪಿ. ಕಾರ್ಟರ್ ಹಾಡು ಹುಡುಕಿಕೊಂಡು ಊರೂರು ತಿರುಗುವಾಗ ಜೊತೆಗಿದ್ದವರು ಲೆಸ್ಲಿ ರಿಡಲ್ ಎಂಬ ಕರಿಯ ಗಿಟಾರುಗಾರ. ಸಾಹಿತ್ಯ ಕಾರ್ಟರ್ ಬರೆದುಕೊಳ್ಳುವರು, ಧಾಟಿ ರಿಡಲ್ ನೆನಪಿಟ್ಟುಕೊಳ್ಳುವರು. ರಿಡಲ್ ಅವರನ್ನು ಹಳೇ ಸಂಗೀತ ಸಂಗ್ರಹಿಸುತ್ತಿದ್ದ ಮೈಕ್ ಸೀಗರ್ ಹುಡುಕಿ ರೆಕಾರ್ಡ್ ಮಾಡಿದ್ದು 1960ರ ದಶಕದಲ್ಲಿ. ನಾರ್ತ್ ಕ್ಯಾರೊಲಿನಾದ ಮೀಬನ್‌ನಲ್ಲಿ ಜೋ ಥಾಂಪ್ಸನ್ ಎಂಬ ಕರಿಯ ಪಿಟೀಲುಗಾರರಿದ್ದರು, 2012ರಲ್ಲಿ ತೀರಿಕೊಂಡರು. 2005ರಿಂದ ಮೂವರು ಯುವಕ ಯುವತಿಯರು ಅವರ ಮನೆಗೆ ಹೋಗಿ ಜೊತೆಗೆ ಕೂತು ಕಲಿತರು. ಕ್ಯಾರೊಲಿನಾ ಚಾಕೊಲೇಟ್ ಡ್ರಾಪ್ಸ್ ತಂಡ ಬೆಳೆದದ್ದು ಹಾಗೆ. ಆದ್ದರಿಂದ "ಆ ಕಾಲದಲ್ಲಿ ಕರಿಯರ ಮನೆಯಲ್ಲಿ ಯಾರು ನುಡಿಸುತ್ತಿದ್ದರು?" ಅಂತ ನೇರವಾಗಿ ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಫೋನು, ಮೊದಲ ಭೇಟಿ

ಪರಿಚಯದವರ ಮೂಲಕ ಹೋಗಿ. ಫೋನಿನಲ್ಲಿ ನೀವು ಯಾರು, ಯಾರು ನಂಬರ್ ಕೊಟ್ಟರು, ಏನು ಬೇಕು, ಮೂರೇ ವಾಕ್ಯ. ಭಾನುವಾರ ಬೆಳಿಗ್ಗೆ, ಬುಧವಾರ ಸಂಜೆ ಬೇಡ. ಎರಡೂ ಚರ್ಚಿನ ಹೊತ್ತು. ಗಂಡಸರಿಗೆ ಸರ್, ಹೆಂಗಸರಿಗೆ ಮ್ಯಾಮ್. ಹೆಸರು ಹಿಡಿದು ಕರೆಯುವುದಾದರೆ ಮುಂದೆ ಮಿಸ್ಟರ್ ಅಥವಾ ಮಿಸ್ ಸೇರಿಸಿ. ವಯಸ್ಸಾದವರನ್ನು ಬರೀ ಹೆಸರಿಂದ ಕರೆಯುವುದು ಅಲ್ಲೂ ಒಪ್ಪುವುದಿಲ್ಲ, ನಮ್ಮಲ್ಲಿ ಹೇಗೋ ಹಾಗೆ.

"ಬರಬಹುದಾ?" ಅಂದರೆ "ಮೈಟ್ ಕುಡ್" ಅನ್ನಬಹುದು. ಆ ಬೆಟ್ಟದ ಇಂಗ್ಲಿಷಿನಲ್ಲಿ ಅದು ಹೌದೂ ಅಲ್ಲ, ಬೇಡವೂ ಅಲ್ಲ. ನಮ್ಮ "ನೋಡೋಣ" ಇದೆಯಲ್ಲ, ಅದೇ. ಒತ್ತಾಯ ಮಾಡದೆ ಒಂದು ವಾರ ಬಿಟ್ಟು ಮತ್ತೆ ಫೋನ್ ಮಾಡಿ.

ಮೊದಲ ಭೇಟಿಗೆ ರೆಕಾರ್ಡರ್ ಒಯ್ಯದಿದ್ದರೆ ಒಳ್ಳೆಯದು. ಕಾಫಿ ಕುಡಿಯಿರಿ, ಗೋಡೆಯ ಮೇಲಿನ ಫೋಟೊಗಳ ಬಗ್ಗೆ ಕೇಳಿ, ಒಂದು ಗಂಟೆಗೆ ಎದ್ದುಬಿಡಿ. ದೂರದ ದಾರಿ, ಮತ್ತೆ ಬರಲಾಗುವುದಿಲ್ಲ ಅಂದರೆ ರೆಕಾರ್ಡರ್ ಒಯ್ಯಿರಿ, ಆದರೆ ಮೊದಲ ಅರ್ಧ ಗಂಟೆ ಬ್ಯಾಗಿನಲ್ಲೇ ಇರಲಿ.

ಸಾಮಾನು

1933ರಲ್ಲಿ ಜನಪದ ಹಾಡುಗಳನ್ನು ಸಂಗ್ರಹಿಸುತ್ತಿದ್ದ ಜಾನ್ ಲೊಮ್ಯಾಕ್ಸ್ ಮತ್ತು ಮಗ ಆಲನ್ ಕಾರಿನ ಹಿಂದೆ ಹೇರಿಕೊಂಡು ತಿರುಗಿದ ಮಷಿನ್ 315 ಪೌಂಡ್ ಇತ್ತು, ಹತ್ತಿರ ಹತ್ತಿರ 143 ಕೆಜಿ. ಈಗ ಜೇಬಿನಲ್ಲಿ ಹಿಡಿಯುತ್ತದೆ. ಜೂಮ್, ಟ್ಯಾಸ್ಕ್ಯಾಮ್ ಕಂಪನಿಗಳ ಕೈಲಿ ಹಿಡಿಯುವ ರೆಕಾರ್ಡರ್ ಯಾವುದಾದರೂ ನಡೆಯುತ್ತದೆ. ಹೊರಗಿನ ಮೈಕ್ ಸಿಕ್ಕಿಸಲು ಜಾಗ ಇರುವಂಥದ್ದು ತಗೊಳ್ಳಿ. ಮಾತಿಗೆ ಒಂದು ಕಾಲರ್ ಮೈಕ್. ಒಂದು ಸ್ಟ್ಯಾಂಡ್. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಬ್ಯಾಟರಿ ಬೇಕಾದ್ದರ ಎರಡರಷ್ಟು. ಗಾಳಿ ತಡೆಯುವ ತುಪ್ಪಳದ ಟೊಪ್ಪಿಗೆ, ಯಾಕೆಂದರೆ ಜಗುಲಿಯಲ್ಲಿ ಕೂರೋಣ ಅಂದೇ ಅನ್ನುತ್ತಾರೆ. ಒಂದು ಹಳೇ ಟವೆಲ್. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಸೆಟ್ಟಿಂಗ್ ವೇವ್ ಫೈಲ್, 24 ಬಿಟ್, 48 ಕಿಲೊಹರ್ಟ್ಸ್. ಎಂಪಿ3 ಬೇಡವೇ ಬೇಡ. ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. 96 ಕಿಲೊಹರ್ಟ್ಸ್ ಇಟ್ಟರೆ ಅದರ ಎರಡರಷ್ಟು. ಲೆವೆಲ್ ಅತಿ ಜೋರಿನ ಜಾಗದಲ್ಲಿ ಮೈನಸ್ 12 ಡೆಸಿಬೆಲ್ ಹತ್ತಿರ ಇರಲಿ. ಶುರುವಿನಲ್ಲಿ ಮೆಲ್ಲಗೆ ನುಡಿಸಿದವರು ಮೂರನೇ ಟ್ಯೂನಿಗೆ ಮೈಮೇಲೆ ಬಂದವರಂತೆ ಎಳೆಯುತ್ತಾರೆ. ಆಗ ಸೀಳಿಹೋದ ಸದ್ದನ್ನು ಯಾವ ಸಾಫ್ಟ್‌ವೇರೂ ಸರಿಯಾಗಿ ಹೊಲಿಯಲಾರದು. ಹೊಸ ರೆಕಾರ್ಡರ್‌ಗಳಲ್ಲಿ 32 ಬಿಟ್ ಫ್ಲೋಟ್ (ಜೋರು ಸದ್ದನ್ನೂ ಸೀಳದಂತೆ ಹಿಡಿಯುವ ಸೆಟ್ಟಿಂಗ್) ಇದ್ದರೆ ಈ ತಲೆನೋವು ಕಡಿಮೆ.

ಕೋಣೆ, ಫ್ರಿಜ್, ಕಾರಿನ ಕೀ

ಕಣ್ಣು ಮುಚ್ಚಿ ಒಂದು ನಿಮಿಷ ಹೆಡ್‌ಫೋನಿನಲ್ಲಿ ಕೋಣೆ ಕೇಳಿ. ಫ್ಯಾನು, ಏಸಿ, ಗೋಡೆ ಗಡಿಯಾರ, ಪಕ್ಕದ ಕೋಣೆಯ ಟಿವಿ, ನಾಯಿ. ಬರಿಗಿವಿಗೆ ಕೇಳದ ಫ್ರಿಜ್ಜಿನ ಗುಂಯ್ ಸದ್ದು ಮೈಕಿಗೆ ಚೆನ್ನಾಗಿ ಕೇಳುತ್ತದೆ. ಮನೆಯವರನ್ನು ಕೇಳಿ ಅದನ್ನು ಆಫ್ ಮಾಡಿ. ಆಫ್ ಮಾಡುವ ಮುಂಚೆ ನಿಮ್ಮ ಕಾರಿನ ಕೀ ಫ್ರಿಜ್ಜಿನೊಳಗೆ ಇಡಿ. ಹಾಗಿಟ್ಟರೆ ಹೊರಡುವಾಗ ಫ್ರಿಜ್ ಬಾಗಿಲು ತೆಗೆಯಲೇಬೇಕು, ಮತ್ತೆ ಆನ್ ಮಾಡುವುದು ಮರೆಯುವುದಿಲ್ಲ. ರೆಕಾರ್ಡಿಂಗ್ ಮಾಡುವವರಲ್ಲಿ ಇದು ಹಳೇ ಉಪಾಯ. ಮೊದಲ ಸಲ ನಾನು ಕೀ ಒಳಗಿಟ್ಟಾಗ ಅಜ್ಜಿ ಏನೂ ಹೇಳದೆ ಒಂದು ಥರಾ ನೋಡಿದರು. ವಿವರಿಸಿದ ಮೇಲೆ ನಗು ನಿಲ್ಲಲಿಲ್ಲ. ಅವರ ಬೆಣ್ಣೆ ಡಬ್ಬಿಯ ಪಕ್ಕ ನನ್ನ ಕೀ.

ಈಗ ಟವೆಲ್. ಓಲ್ಡ್ ಟೈಮ್ ನುಡಿಸುವವರು ಕಾಲಿನಿಂದ ತಾಳ ಹಾಕದೆ ಇರುವುದಿಲ್ಲ. ಮರದ ನೆಲ ಅಂದರೆ ಆ ಏಟು ಸ್ಟ್ಯಾಂಡ್ ಹತ್ತಿ ಮೈಕಿಗೆ ಗುದ್ದುತ್ತದೆ. ಸ್ಟ್ಯಾಂಡಿನ ಕೆಳಗೆ ಟವೆಲ್ ಮಡಚಿ ಹಾಕಿದರೆ ಗುದ್ದು ಹೋಗಿ ತಾಳದ ಸದ್ದು ಮಾತ್ರ ಗಾಳಿಯಲ್ಲಿ ಬರುತ್ತದೆ. ಕಾಲು ಆಡಿಸಬೇಡಿ ಅಂತ ಮಾತ್ರ ಯಾವತ್ತೂ ಹೇಳಬೇಡಿ. ಆ ಕಾಲೂ ಸಂಗೀತವೇ, ಅಲ್ವಾ?

ಮೈಕ್ ಇಡುವ ಜಾಗ: ಪಿಟೀಲಿಗೆ ಎರಡು ಮೂರು ಅಡಿ ದೂರ, ಸ್ವಲ್ಪ ಮೇಲಿನಿಂದ ಕೆಳಮುಖ. ಹತ್ತಿರ ಹೋದರೆ ಕಮಾನಿನ ಕೆರೆತವೇ ಜಾಸ್ತಿ. ಬ್ಯಾಂಜೊಗೆ ಕುದುರೆಯ (ತಂತಿ ಹೊತ್ತಿರುವ ಮರದ ತುಂಡು) ಎದುರು ಬೇಡ, ಚುಚ್ಚುತ್ತದೆ. ಕುತ್ತಿಗೆ ಚರ್ಮದ ಡೋಲಿಗೆ ಸೇರುವ ಜಾಗದತ್ತ ತಿರುಗಿಸಿ. ಗಿಟಾರಿಗೆ ತೂತಿನ ಎದುರು ಬೇಡ, ಕುತ್ತಿಗೆಯ ಮೇಲಿನ 12ನೇ ಫ್ರೆಟ್ (ಅಡ್ಡಪಟ್ಟಿ) ಕಡೆ. ಬ್ಲೂಗ್ರಾಸ್ ತಂಡವಾದರೆ ಒಂದೇ ಸ್ಟೀರಿಯೊ ಮೈಕ್ ಸುತ್ತ ಅರ್ಧವೃತ್ತ ನಿಲ್ಲಿಸಿ. ಬ್ರೇಕ್ ಬಂದವರು ಒಂದು ಹೆಜ್ಜೆ ಮುಂದೆ ಬಂದು ಹಿಂದೆ ಸರಿಯುವುದು ಅವರಿಗೆ ರೂಢಿ. ನೀವು ಮಿಕ್ಸಿಂಗ್ ಮಾಡಬೇಕಾಗಿಲ್ಲ, ಅವರ ಕಾಲೇ ಮಾಡುತ್ತದೆ.

ಒಪ್ಪಿಗೆ

ಕಾಗದ ಒಂದೇ ಪುಟ ಇರಲಿ, ದೊಡ್ಡ ಅಕ್ಷರ ಇರಲಿ, ಜೋರಾಗಿ ಓದಿ ಹೇಳಿ. ರೆಕಾರ್ಡಿಂಗ್ ಎಲ್ಲಿ ಇಡುತ್ತೀರಿ, ಯಾರು ಕೇಳಬಹುದು, ಇಂಟರ್ನೆಟ್ಟಿಗೆ ಹಾಕಬಹುದಾ, ಇವು ಮೂರೂ ಬೇರೆ ಬೇರೆ ಪ್ರಶ್ನೆ. ಪ್ರತಿಯೊಂದಕ್ಕೂ ಹೌದು, ಬೇಡ ಅಂತ ಬೇರೆ ಬೇರೆ ಗುರುತು ಹಾಕುವ ಜಾಗ ಇರಲಿ. ಅಜ್ಜ, ಮುತ್ತಜ್ಜನ ಕಾಲದ ಟ್ಯೂನ್ ಯಾರದ್ದೂ ಆಸ್ತಿಯಲ್ಲದಿರಬಹುದು. ಆದರೆ ಅವರೇ ಕಟ್ಟಿದ ಹಾಡಿನ ಹಕ್ಕು ಅವರದ್ದು, ಆ ದಿನ ನುಡಿಸಿದ್ದರ ಮೇಲೂ ಅವರ ಹಕ್ಕಿದೆ. ದುಡ್ಡಿಗೆ ಮಾರುವ ಯೋಚನೆ ಇಲ್ಲ ಅಂದರೆ ಹಾಗಂತ ಬರೆಯಿರಿ. ಸಹಿಯನ್ನು ಮಾತೆಲ್ಲ ಮುಗಿದ ಮೇಲೆ ಹಾಕಿಸಿಕೊಳ್ಳಿ, ಏನು ಹೇಳಿದೆವು ಅಂತ ಆಗ ಅವರಿಗೂ ಗೊತ್ತಿರುತ್ತದೆ. ರೆಕಾರ್ಡ್ ಮಾಡಲು ಮಾತ್ರ ಮೊದಲೇ ಕೇಳಿ, ಅವರು "ಆಗಲಿ" ಅಂದದ್ದೂ ರೆಕಾರ್ಡಿನಲ್ಲೇ ಇರಲಿ.

ಮಾತು

ಶುರುವಿಗೆ ನೀವೇ ತಾರೀಕು, ಊರು, ಯಾರು ಯಾರು ಕೋಣೆಯಲ್ಲಿದ್ದಾರೆ ಅಂತ ಹೇಳಿ. ಐವತ್ತು ವರ್ಷದ ನಂತರ ಕಾಗದ ಕಳೆದುಹೋದರೂ ದನಿ ಇರುತ್ತದೆ.

"ನಿಮ್ಮ ಸಂಗೀತಯಾನದ ಬಗ್ಗೆ ಹೇಳಿ" ಅಂತ ಕೇಳಿದರೆ ಯಾರೂ ಹೇಳುವುದಿಲ್ಲ. ವಸ್ತು ಹಿಡಿದು ಕೇಳಿ. ಮೊದಲ ಪಿಟೀಲು ಎಲ್ಲಿಂದ ಬಂತು? ಎಷ್ಟೋ ಮನೆಗೆ ಅದು ಬಂದದ್ದು ಸಿಯರ್ಸ್ ಕ್ಯಾಟಲಾಗಿನಿಂದ ಅಂಚೆಯಲ್ಲಿ. ಇನ್ನು ಕೆಲವರು ಡಬ್ಬಿಗೆ ತಂತಿ ಕಟ್ಟಿ ಶುರು ಮಾಡಿದವರು. ಅದನ್ನು ಎಲ್ಲಿಡುತ್ತಿದ್ದರು? ಮಕ್ಕಳು ಮುಟ್ಟಬಹುದಿತ್ತಾ? ಅಪ್ಪ ಕೆಲಸಕ್ಕೆ ಹೋದಾಗ ಕದ್ದು ನುಡಿಸಿದ ಕಥೆ ಬಹಳ ಮನೆಗಳಲ್ಲಿದೆ. ಪಿಟೀಲು ಅಲುಗಿಸಿದಾಗ ಒಳಗೆ ಗಿಲಗಿಲ ಅಂದರೆ ಅದನ್ನೂ ಕೇಳಿ. ರ‍್ಯಾಟಲ್‌ಸ್ನೇಕ್ ಹಾವಿನ ಬಾಲದ ಗಿಲಕಿಯನ್ನು ಒಳಗೆ ಹಾಕಿಡುವ ರೂಢಿ ಅಲ್ಲಿದೆ. ದನಿ ಚೆನ್ನಾಗುತ್ತದೆ ಅಂತ ಒಬ್ಬರು, ಇಲಿ ಬರುವುದಿಲ್ಲ ಅಂತ ಇನ್ನೊಬ್ಬರು.

ಹೊಟ್ಟೆಪಾಡಿನ ಬಗ್ಗೆ ಕೇಳಿ. ತಂಬಾಕಿನ ಹೊಲ, ಕಾಲುಚೀಲದ ಮಿಲ್ಲು, ಗ್ರಾನೈಟ್ ಕ್ವಾರಿ, ಕಲ್ಲಿದ್ದಲ ಗಣಿ. ಯಾವ ಪಾಳಿ ಮುಗಿಸಿ ಯಾರ ಜೊತೆ ಕೂರುತ್ತಿದ್ದರು ಅನ್ನುವುದರಲ್ಲೇ ಸಂಗೀತದ ಅರ್ಧ ಇತಿಹಾಸ ಇದೆ. ಚರ್ಚಿನ ವಿಷಯ ಮೆಲ್ಲಗೆ ಎತ್ತಿ. ಪಿಟೀಲನ್ನು ಸೈತಾನನ ಪೆಟ್ಟಿಗೆ ಅಂತ ಕರೆದ ಕಾಲವೊಂದಿತ್ತು. ಅದಕ್ಕಾಗಿ ವರ್ಷಗಟ್ಟಲೆ ಪಿಟೀಲು ಮುಟ್ಟದೆ ಇದ್ದವರಿದ್ದಾರೆ. ಅದು ಅವರಿಗೆ ನಗುವ ವಿಷಯ ಅಲ್ಲದಿರಬಹುದು.

ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಮನಸ್ಸಿನಲ್ಲೇ ಹತ್ತು ಎಣಿಸಿ. ನನಗೆ ಕಷ್ಟದ ಪಾಠ ಇದು, ನಮ್ಮ ಕಡೆ ಮಾತಿಗೆ ಮಾತು ಪೋಣಿಸದಿದ್ದರೆ ಆಗುವುದಿಲ್ಲವಲ್ಲ. ಮೊದಲ ವರ್ಷದ ಟೇಪುಗಳಲ್ಲಿ ನನ್ನ "ಹೌದಾ, ಹೌದಾ" ಕೇಳಿದರೆ ಈಗ ನಾಚಿಕೆ. ತಲೆಯಾಡಿಸಿ, ಬಾಯಿ ಬೇಡ.

ನಿಮಗೆ ಬೇಕಾದ ಹಳತನ್ನೇ ಅವರ ಬಾಯಿಗೆ ತುರುಕಬೇಡಿ. 1960ರಲ್ಲಿ ಜನಪದ ಸಂಗೀತ ಹುಡುಕುತ್ತಿದ್ದ ರಾಲ್ಫ್ ರಿನ್ಸ್‌ಲರ್ ಹಳೇ ಹಾಡುಗಾರ ಕ್ಲಾರೆನ್ಸ್ ಆಶ್ಲಿಯವರನ್ನು ರೆಕಾರ್ಡ್ ಮಾಡಲು ಹೋದಾಗ ಜೊತೆಗೆ ನುಡಿಸಲು ಬಂದವರು ಡಾಕ್ ವಾಟ್ಸನ್. ಅವರು ಆಗ ಕುಣಿತದ ತಂಡದಲ್ಲಿ ಎಲೆಕ್ಟ್ರಿಕ್ ಗಿಟಾರ್ ಬಾರಿಸುತ್ತಿದ್ದರು. ರಿನ್ಸ್‌ಲರ್‌ಗೆ ಅದು ಬೇಡವಾಗಿತ್ತು, ಮರದ ಗಿಟಾರೇ ಬೇಕಾಗಿತ್ತು. ಮರದ ಗಿಟಾರಿನಿಂದ ವಾಟ್ಸನ್ ದೇಶಕ್ಕೇ ಪರಿಚಯವಾದರು, ನಿಜ. ಆದರೂ ಆ ಎಲೆಕ್ಟ್ರಿಕ್ ಗಿಟಾರೂ ಅವರ ಬದುಕಿನದೇ. ನಿಮ್ಮ ಅಜ್ಜ ನಿನ್ನೆ ಟಿವಿಯಲ್ಲಿ ಕೇಳಿದ ಹಾಡು ನುಡಿಸಿದರೆ ಅದನ್ನೂ ರೆಕಾರ್ಡ್ ಮಾಡಿ.

ಹೆಂಡತಿ, ಅಕ್ಕ, ಮಗಳು ಒಲೆ ಹತ್ತಿರದಿಂದಲೇ "ಅದು 58ನೇ ಇಸವಿ ಅಲ್ಲ, 61" ಅಂತ ತಿದ್ದುತ್ತಾರೆ. ಅವರಿಗೂ ಒಂದು ಕುರ್ಚಿ, ಒಂದು ಮೈಕ್. ಅವರು ಗಿಟಾರ್ ಜೊತೆ ಕೊಡುತ್ತಿದ್ದವರಾಗಿರಬಹುದು, ಯಾರೂ ಹೆಸರು ಬರೆದಿರುವುದಿಲ್ಲ.

ಟ್ಯೂನ್

ಪ್ರತಿ ಟ್ಯೂನಿಗೂ ಮುಂಚೆ ನಾಲ್ಕೂ ತಂತಿಯನ್ನು ಖಾಲಿ ಎಳೆಯಲು ಹೇಳಿ. ಶ್ರುತಿ ದಾಖಲಾಯಿತು. ಬ್ಯಾಂಜೊ ಆದರೆ ಐದೂ ತಂತಿ. ಇದೊಂದು ಬಿಟ್ಟರೆ ಮುಂದೆ ಕಲಿಯುವವರು ತಲೆ ಚಚ್ಚಿಕೊಳ್ಳುತ್ತಾರೆ.

ಕನಿಷ್ಠ ನಾಲ್ಕು ಸುತ್ತು ನುಡಿಸಲಿ. ಒಂದು ಸುತ್ತಿಗೆ ನಿಲ್ಲಿಸಿದರೆ ಅದು ಅಸ್ಥಿಪಂಜರ ಅಷ್ಟೇ. ಮೂರನೇ ಸುತ್ತಿನಲ್ಲೇ ಕಮಾನು ಆಟ ಆಡತೊಡಗುವುದು. ಕೆಳತಂತಿಯ ಭಾಗವನ್ನು ಹಳಬರು ಕೋರ್ಸ್ ಅಂತಲೂ ಮೇಲಿನದನ್ನು ಫೈನ್ ಅಂತಲೂ ಕರೆಯುತ್ತಾರೆ. ನಾವು ದಪ್ಪ ದನಿ, ಸಣ್ಣ ದನಿ ಅನ್ನುವ ಹಾಗೆಯೇ. ಯಾವುದು ಮೊದಲು ಬರುತ್ತದೆ ಅಂತ ಕೇಳಿ, ಮನೆಯಿಂದ ಮನೆಗೆ ಬೇರೆ. ಕೆಲವು ಟ್ಯೂನಿನಲ್ಲಿ ಒಂದು ತಾಳ ಜಾಸ್ತಿಯೋ ಕಡಿಮೆಯೋ ಇರುತ್ತದೆ. ಅಂಥದ್ದಕ್ಕೆ ಕ್ರೂಕೆಡ್ ಅನ್ನುತ್ತಾರೆ. ತಪ್ಪು ನುಡಿಸಿದರು ಅಂದುಕೊಂಡು ತಿದ್ದಲು ಹೋಗಬೇಡಿ. ಎರಡನೇ ಸುತ್ತಿನಲ್ಲೂ ಅದೇ ಜಾಗದಲ್ಲಿ ಹಾಗೇ ಬಂದರೆ ಅದು ಟ್ಯೂನು.

ನಿಂತ ಕೂಡಲೇ ಚಪ್ಪಾಳೆ ತಟ್ಟಬೇಡಿ. ಕೊನೆಯ ದನಿ ಸಾಯಲಿ. ಆಮೇಲೆ ಕೇಳಬೇಕಾದವು ಎರಡೇ: "ಇದು ಯಾರಿಂದ ಬಂತು?", "ಇದಕ್ಕೆ ಇನ್ನೊಂದು ಹೆಸರು ಇದೆಯಾ?" ಮೊದಲನೆಯದಕ್ಕೆ ಒಂದು ಹೆಸರು ಸಿಕ್ಕಿದರೆ "ಅವರಿಗೆ ಯಾರಿಂದ?" ಅಂತ ಇನ್ನೊಂದು ಮೆಟ್ಟಿಲು ಇಳಿಯಿರಿ. 1966ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಆಲನ್ ಜಬ್ಬೂರ್ ವರ್ಜೀನಿಯಾದ ಗ್ಲೆನ್ ಲಿನ್ ಊರಿಗೆ ಹೋಗಿ ಹೆನ್ರಿ ರೀಡ್ ಅವರ ಪಿಟೀಲು ರೆಕಾರ್ಡ್ ಮಾಡತೊಡಗಿದರು. ರೀಡ್ ಹುಟ್ಟಿದ್ದು 1884ರಲ್ಲಿ. ಅವರು ಟ್ಯೂನ್ ಕಲಿತದ್ದು ತಮಗಿಂತ ಬಹಳ ಹಿರಿಯರಿಂದ. ಹಾಗೆ ಒಂದೇ ಮೆಟ್ಟಿಲಿನಲ್ಲಿ ಜಬ್ಬೂರ್ 19ನೇ ಶತಮಾನದ ಕೈಗಳಿಗೆ ತಲುಪಿದರು. ರೀಡ್ 1968ರಲ್ಲಿ ತೀರಿಕೊಂಡರು. ಆ 184 ರೆಕಾರ್ಡಿಂಗ್‌ಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ಯಾರು ಬೇಕಾದರೂ ಕೇಳಬಹುದು. ಹೊರಡುವ ಮುಂಚೆ ಒಂದು ರಾತ್ರಿ ಅದಕ್ಕೆ ಕೊಡಿ.

ಎರಡು ಟ್ಯೂನನ್ನಾದರೂ ವಿಡಿಯೊ ಮಾಡಿ, ಮುಖ ಅಲ್ಲ, ಕೈ. ಕಮಾನನ್ನು ಬುಡದಲ್ಲಿ ಹಿಡಿಯುತ್ತಾರಾ, ಸ್ವಲ್ಪ ಮೇಲಾ. ಪಿಟೀಲು ಗಲ್ಲದ ಕೆಳಗಾ, ಎದೆಯ ಮೇಲಾ. ಕಿವಿಗೆ ಇದು ಗೊತ್ತಾಗುವುದಿಲ್ಲ. ಪಿಟೀಲಿನ ಒಳಗಿನ ಚೀಟಿಯ ಫೋಟೊ, ಕೈಬರಹದ ಟ್ಯೂನ್ ಪಟ್ಟಿ ಇದ್ದರೆ ಅದರದೂ.

ಸಾಮಾನು ಸುತ್ತುವಾಗ ರೆಕಾರ್ಡರ್ ಕೊನೆಯದಾಗಿ ಸುತ್ತಿ. ಚಿಕ್ಕದೊಂದು ಅವರ ಒಪ್ಪಿಗೆಯಿಂದಲೇ ಜೇಬಿನಲ್ಲಿ ಓಡುತ್ತಿರಲಿ, ಬಾಗಿಲು ದಾಟುವವರೆಗೆ. ಕೇಳದೆ ಮಾತ್ರ ಮಾಡಬೇಡಿ.

ಅವತ್ತೇ ರಾತ್ರಿ

ಮಲಗುವ ಮುಂಚೆ ಕಾಪಿ. ಮೂರು ಪ್ರತಿ, ಎರಡು ಬಗೆಯ ಜಾಗ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಕಾರ್ಡ್ ಅಳಿಸುವುದು ಮೂರೂ ತೆರೆದು ಕೇಳಿದ ಮೇಲೆ. ಫೈಲ್ ಹೆಸರು ವರ್ಷ, ತಿಂಗಳು, ದಿನ, ಊರು, ನಂಬರ್ ಈ ಕ್ರಮದಲ್ಲಿ. ಮೂಲ ಫೈಲನ್ನು ಕತ್ತರಿಸಬೇಡಿ, ಏನು ಮಾಡುವುದಿದ್ದರೂ ಕಾಪಿಯ ಮೇಲೆ.

ಪೂರ್ತಿ ಮಾತು ಬರೆದಿಳಿಸಲು ನನಗೆ ಒಂದು ಗಂಟೆಯ ರೆಕಾರ್ಡಿಗೆ ಆರು ಗಂಟೆ ಹಿಡಿಯುತ್ತದೆ. ಮಷಿನ್‌ಗೆ ಕೊಟ್ಟರೆ ಊರಿನ ಹೆಸರು, ಟ್ಯೂನಿನ ಹೆಸರು, ಬೆಟ್ಟದ ಉಚ್ಚಾರ ಎಲ್ಲ ಚಿಂದಿ. ಅದಕ್ಕಿಂತ ಒಂದು ಪಟ್ಟಿ ಮಾಡಿ: 0 ನಿಮಿಷಕ್ಕೆ ಏನು, 7ಕ್ಕೆ ಏನು, 12ಕ್ಕೆ ಯಾವ ಟ್ಯೂನ್, ಯಾವ ಶ್ರುತಿ, ಯಾರಿಂದ. ಇದಕ್ಕೆ ಒಂದು ಸಂಜೆ ಸಾಕು. ಹುಡುಕಿ ಬರುವವರಿಗೆ ಮೊದಲು ಬೇಕಾಗುವುದೂ ಇದೇ.

ಎಲ್ಲಿಡುವುದು

ನಿಮ್ಮ ಹಾರ್ಡ್‌ಡಿಸ್ಕ್ ಭಂಡಾರವಲ್ಲ. ಚಾಪೆಲ್ ಹಿಲ್ ವಿಶ್ವವಿದ್ಯಾಲಯದ ಸದರ್ನ್ ಫೋಕ್‌ಲೈಫ್ ಕಲೆಕ್ಷನ್, ಜಾನ್ಸನ್ ಸಿಟಿಯ ಆರ್ಕೈವ್ಸ್ ಆಫ್ ಅಪಲಾಚಿಯಾ, ಕೆಂಟಕಿಯ ಬೆರಿಯಾ ಕಾಲೇಜಿನ ಸಂಗ್ರಹ, ಬ್ಲೂಗ್ರಾಸ್ ಆದರೆ ಓವೆನ್ಸ್‌ಬರೊ ಊರಿನ ಮ್ಯೂಸಿಯಂ. ರೆಕಾರ್ಡ್ ಮಾಡುವ ಮುಂಚೆಯೇ ಅವರಿಗೊಂದು ಇಮೇಲ್ ಹಾಕಿ, ಯಾವ ರೂಪದಲ್ಲಿ ಬೇಕು, ಒಪ್ಪಿಗೆ ಪತ್ರದಲ್ಲಿ ಏನಿರಬೇಕು ಕೇಳಿ. ಆಮೇಲೆ ಸಹಿಗಾಗಿ ಮತ್ತೆ ಬೆಟ್ಟ ಹತ್ತುವುದು ತಪ್ಪುತ್ತದೆ.

ಆದರೆ ಮೊದಲ ಪ್ರತಿ ಮನೆಯವರಿಗೆ. ಲಿಂಕ್ ಕಳಿಸಿ ಕೈ ತೊಳೆದುಕೊಳ್ಳಬೇಡಿ. ಹಿರಿಯರ ಮನೆಯಲ್ಲಿ ಇನ್ನೂ ಸಿಡಿ ಪ್ಲೇಯರ್ ಇರುತ್ತದೆ. ಸಿಡಿ ಮಾಡಿ, ಟ್ಯೂನಿನ ಹೆಸರು ದೊಡ್ಡದಾಗಿ ಪ್ರಿಂಟ್ ಹಾಕಿ, ಮಕ್ಕಳು ಮೊಮ್ಮಕ್ಕಳಿಗೂ ಸೇರಿಸಿ ನಾಲ್ಕೈದು ಕೊಡಿ.

ನಾನು ಸಿಡಿ ಹಿಡಿದು ಸರ್ರಿ ಕೌಂಟಿಗೆ ವಾಪಸ್ ಹೋದದ್ದು ಮೂರು ವಾರದ ನಂತರ. ಅಜ್ಜ ಡಾಕ್ಟರ ಹತ್ತಿರ ಹೋಗಿದ್ದರು. ಅಜ್ಜಿ ಒಬ್ಬರೇ ಇದ್ದರು. ಸಿಡಿ ಹಾಕಿ 18ನೆಯದಕ್ಕೆ ಒತ್ತಿದರು, ಒಲೆಗೆ ಒರಗಿ ನಿಂತು ಪೂರ್ತಿ ಕೇಳಿದರು. ಆ ಹೊಸ್ತಿಲ ಕಥೆ ಇನ್ನೊಂದು ಸಲ ಹೇಳುತ್ತೀರಾ, ರೆಕಾರ್ಡ್ ಮಾಡಲಾ ಅಂತ ಕೇಳಿದೆ. ಅವರು ಸಿಡಿ ನಿಲ್ಲಿಸಿದರು. ಕೈ ಚಾಚಿ ನನ್ನ ಕಾರಿನ ಕೀ ಇಸಕೊಂಡು ಬೆಣ್ಣೆ ಡಬ್ಬಿಯ ಪಕ್ಕ ಇಟ್ಟು, ಫ್ರಿಜ್ಜಿನ ಪ್ಲಗ್ ಕಿತ್ತು, ಕುರ್ಚಿ ಎಳೆದುಕೊಂಡು ಕೂತರು.